ಮಗಳಿಗೆ ಸೀಟು ಸಿಕ್ಕಿದ್ದು ಯಾವ ಕೊಲಂಬಿಯಾದಲ್ಲಿ?

ಪ್ರಶ್ನೆ: ನನ್ನ ಮಗಳು ಪತ್ರಿಕೋದ್ಯಮದಲ್ಲಿ ಬಿ.ಎ. ಮುಗಿಸಿ, ಒಂದು ಪತ್ರಿಕೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ್ದಾಳೆ. ಈಗ ಅಮೆರಿಕದಲ್ಲಿ ಪತ್ರಿಕೋದ್ಯಮದ ಎಂ.ಎ.ಗೆ ಸೀಟು ಸಿಕ್ಕಿದೆ. ಊರು ಕೊಲಂಬಿಯಾ. ವಿಷಯ ಗೊತ್ತಾದ ಕೂಡಲೇ ನೆಂಟರೆಲ್ಲ ‘ಅಂಬೇಡ್ಕರ್ ಓದಿದ ಯೂನಿವರ್ಸಿಟಿ’ ಎಂದು ಖುಷಿಪಟ್ಟರು. ಆದರೆ ಪತ್ರದಲ್ಲಿ ‘ಯೂನಿವರ್ಸಿಟಿ ಆಫ್ ಮಿಸೌರಿ’ ಎಂದಿದೆ. ಕನ್ಸಲ್ಟೆನ್ಸಿಯವರನ್ನು ಕೇಳಿದರೆ ‘ಎಲ್ಲಾ ಒಂದೇ ಮೇಡಂ, ಬ್ರಾಂಚ್ ಬೇರೆ ಅಷ್ಟೇ’ ಅನ್ನುತ್ತಾರೆ. ನಮ್ಮ ಭಾವ ‘ನಿಮಗೆ ಟೋಪಿ ಹಾಕಿದ್ದಾರೆ’ ಅನ್ನುತ್ತಿದ್ದಾರೆ. ಬ್ಯಾಂಕ್ ಸಾಲಕ್ಕೆ ಸಹಿ ಹಾಕಬೇಕು. ನಿಜ ಏನು? — ಒಬ್ಬ ತಾಯಿ, ದಾವಣಗೆರೆ

ಉತ್ತರ: ಯಾರೂ ಟೋಪಿ ಹಾಕಿಲ್ಲ, ಸಮಾಧಾನ ಮಾಡಿಕೊಳ್ಳಿ. ಆದರೆ ಕನ್ಸಲ್ಟೆನ್ಸಿಯವರ ಮಾತೂ ನಿಜವಲ್ಲ. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿ ಮತ್ತು ಮಿಸೌರಿ ಯೂನಿವರ್ಸಿಟಿ ಎರಡೂ ಪೂರ್ತಿ ಬೇರೆ ಬೇರೆ. ಒಂದು ಇನ್ನೊಂದರ ಬ್ರಾಂಚ್ ಅಲ್ಲ. ಆಡಳಿತ ಬೇರೆ, ಪದವಿ ಬೇರೆ, ಫೀಸೂ ಬೇರೆ. ನಡುವೆ ಸಾವಿರದೈನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ನಿಮ್ಮ ಮಗಳಿಗೆ ಸೀಟು ಸಿಕ್ಕಿರುವುದು ಮಿಸೌರಿ ರಾಜ್ಯದಲ್ಲಿರುವ ಕೊಲಂಬಿಯಾ ಎಂಬ ಊರಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ. ಪತ್ರಿಕೋದ್ಯಮದ ಮಟ್ಟಿಗೆ ಅದು ಸಣ್ಣ ಹೆಸರೇನಲ್ಲ. ನೀವು ಹೇಳಿದ್ದನ್ನು ನೋಡಿದರೆ ಹುಡುಗಿ ಸರಿಯಾದ ಜಾಗವನ್ನೇ ಹುಡುಕಿಕೊಂಡಿದ್ದಾಳೆ ಅನ್ನಿಸುತ್ತದೆ.

ಗೊಂದಲ ನಿಮ್ಮೊಬ್ಬರದೇ ಅಲ್ಲ. ನಮ್ಮಲ್ಲಿ ತಾಲ್ಲೂಕಿಗೊಂದು ಹೊಸಹಳ್ಳಿ ಇರುವ ಹಾಗೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಒಂದೊಂದು ಕೊಲಂಬಿಯಾ ಇದೆ. ಅವುಗಳಲ್ಲಿ ಎರಡು ಊರು ದೊಡ್ಡ ಯೂನಿವರ್ಸಿಟಿಗಳಿಂದಲೇ ಹೆಸರಾದವು. ತಮಾಷೆ ಏನೆಂದರೆ, ಕೊಲಂಬಿಯಾ ಯೂನಿವರ್ಸಿಟಿ ಈ ಯಾವ ಕೊಲಂಬಿಯಾದಲ್ಲೂ ಇಲ್ಲ. ಅದು ಇರುವುದು ನ್ಯೂಯಾರ್ಕ್ ನಗರದಲ್ಲಿ.

ಹೆಸರನ್ನು ಓದಲು ಒಂದು ಸುಲಭ ದಾರಿ ಇದೆ. ಕೊಲಂಬಿಯಾ ಅನ್ನುವ ಪದ ಹೆಸರಿನ ಮೊದಲಿಗೇ ಬಂದರೆ ಸಾಮಾನ್ಯವಾಗಿ ಅದು ಸಂಸ್ಥೆಯ ಹೆಸರು. ಕೊನೆಗೆ, ಒಂದು ಗೆರೆಯ ಆಚೆ ಬಂದರೆ ಊರಿನ ಹೆಸರು. ‘ಯೂನಿವರ್ಸಿಟಿ ಆಫ್ ಮಿಸೌರಿ–ಕೊಲಂಬಿಯಾ’ ಎಂದು ಹಳೆಯ ಕಾಗದಗಳಲ್ಲಿ, ಕೆಲವು ವೆಬ್‌ಸೈಟುಗಳಲ್ಲಿ ಈಗಲೂ ಕಾಣುತ್ತದೆ. ಮಿಸೌರಿ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ನಾಲ್ಕು ಕ್ಯಾಂಪಸ್ ಇವೆ: ಕೊಲಂಬಿಯಾ, ಕಾನ್ಸಾಸ್ ಸಿಟಿ, ಸೇಂಟ್ ಲೂಯಿಸ್, ರೋಲಾ. ಅವುಗಳಲ್ಲಿ ಹಳೆಯದು, ದೊಡ್ಡದು ಕೊಲಂಬಿಯಾದ್ದು. ಬ್ರಾಂಚ್ ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಅದು ಮಿಸೌರಿಯ ಕ್ಯಾಂಪಸ್, ನ್ಯೂಯಾರ್ಕಿನದ್ದಲ್ಲ.

ಈ ದಾರಿ ಕೈಕೊಡುವ ಜಾಗವೂ ಒಂದಿದೆ. ಅದೇ ಕೊಲಂಬಿಯಾ ಊರಿನಲ್ಲಿ ‘ಕೊಲಂಬಿಯಾ ಕಾಲೇಜ್’ ಎಂಬ ಖಾಸಗಿ ಕಾಲೇಜು ಇದೆ. 1851ರಲ್ಲಿ ಹೆಣ್ಣುಮಕ್ಕಳ ಕಾಲೇಜಾಗಿ ಶುರುವಾಗಿ, 1970ರಲ್ಲಿ ಈಗಿನ ಹೆಸರು ಪಡೆಯಿತು. ಸೌತ್ ಕ್ಯಾರೊಲಿನಾದ ಕೊಲಂಬಿಯಾದಲ್ಲಿ ಇನ್ನೊಂದು ಕೊಲಂಬಿಯಾ ಕಾಲೇಜ್. ಶಿಕಾಗೋದಲ್ಲಿ ಕಲೆ, ಸಿನಿಮಾ, ಮಾಧ್ಯಮಕ್ಕೆ ಹೆಸರಾದ ಮತ್ತೊಂದು. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಪದವಿ ಕಾಲೇಜಿನ ಹೆಸರೂ ಕೊಲಂಬಿಯಾ ಕಾಲೇಜೇ! ಇವು ಯಾವುವೂ ಒಂದಕ್ಕೊಂದು ನೆಂಟರಲ್ಲ. ಹಾಗಾಗಿ ಯಾರಾದರೂ ‘ಕೊಲಂಬಿಯಾ ಕಾಲೇಜಿನಲ್ಲಿ ಓದಿದೆ’ ಅಂದರೆ ಯಾವ ಊರಿನದ್ದು ಎಂದು ಕೇಳದೆ ಬೆರಗಾಗಬೇಡಿ.

ಈಗ ನೆಂಟರು ಹೇಳುತ್ತಿರುವ ಕೊಲಂಬಿಯಾಕ್ಕೆ ಬರೋಣ. 1754ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಜಾರ್ಜ್ ಸನದು ಕೊಟ್ಟು ನ್ಯೂಯಾರ್ಕಿನಲ್ಲಿ ಕಿಂಗ್ಸ್ ಕಾಲೇಜ್ ಶುರುವಾಯಿತು. ಆಮೇಲೆ ಅಮೆರಿಕದವರು ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡಿ ರಾಜನನ್ನೇ ಕಳಿಸಿಬಿಟ್ಟರು. ‘ರಾಜನ ಕಾಲೇಜು’ ಎಂಬ ಬೋರ್ಡು ಇಟ್ಟುಕೊಳ್ಳೋದು ಹೇಗೆ? 1784ರಲ್ಲಿ ಅದನ್ನು ಕೊಲಂಬಿಯಾ ಕಾಲೇಜ್ ಎಂದು ಬದಲಿಸಿದರು. ಅಂಬೇಡ್ಕರ್ ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಇಲ್ಲಿಗೆ ಹೋದರು. 1915ರಲ್ಲಿ ಎಂ.ಎ. ಪಡೆದರು. ಜಾನ್ ಡ್ಯೂಯಿ, ಎಡ್ವಿನ್ ಸೆಲಿಗ್ಮನ್ ಅವರ ಪಾಠ ಕೇಳಿದರು. 1927ರಲ್ಲಿ ಪಿಎಚ್.ಡಿ. ಬಂತು. 1952ರಲ್ಲಿ ಅದೇ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮ ಮನೆಗಳಲ್ಲಿ ಕೊಲಂಬಿಯಾ ಅಂದ ತಕ್ಷಣ ಅವರ ನೆನಪಾಗುವುದು ಸಹಜವೇ. ನೆಂಟರನ್ನು ಬೈಯಬೇಡಿ.

ಇಷ್ಟೊಂದು ಊರಿಗೆ ಈ ಹೆಸರು ಬರತೊಡಗಿದ್ದೂ ಅಮೆರಿಕ ಸ್ವತಂತ್ರವಾದ ಆ ಕಾಲದಲ್ಲೇ. ಕೊಲಂಬಸ್‌ನ ಹೆಸರಿನಿಂದ ಕವಿಗಳು ಕಟ್ಟಿದ ಪದ ಕೊಲಂಬಿಯಾ. ನಾವು ಭಾರತಮಾತೆ ಅನ್ನುವಂತೆ ಅವರಿಗೆ ಅಮೆರಿಕವನ್ನು ಹೆಣ್ಣಾಗಿ ಕರೆಯಲು ಒಂದು ಹೆಸರು ಬೇಕಿತ್ತು. ಹೊಸ ದೇಶ, ಹೊಸ ಹುಮ್ಮಸ್ಸು. ಎಲ್ಲಿ ಹೊಸ ಊರು ಕಟ್ಟಿದರೂ ಇದೇ ಹೆಸರು. 1786ರಲ್ಲಿ ಸೌತ್ ಕ್ಯಾರೊಲಿನಾದ ಹೊಸ ರಾಜಧಾನಿಗೆ ಇಟ್ಟರು. 1791ರಲ್ಲಿ ದೇಶದ ರಾಜಧಾನಿಯ ಪ್ರದೇಶಕ್ಕೇ ಇಟ್ಟರು, ವಾಷಿಂಗ್ಟನ್ ಡಿ.ಸಿ. ಅನ್ನುವಾಗ ಕೊನೆಯ ‘ಸಿ’ ಇದೇ ಕೊಲಂಬಿಯಾ.

ಮಿಸೌರಿಯ ಸರದಿ 1821ರಲ್ಲಿ ಬಂತು. ಅಲ್ಲಿ ಮೊದಲು ಸ್ಮಿಥ್ಟನ್ ಎಂಬ ಸಣ್ಣ ಊರು ಕಟ್ಟಿದ್ದರು. ನೀರಿಗೆ ತೊಂದರೆ. ಬಾವಿಗೆ ನೀರು ಸಿಗಲಿಲ್ಲವೆಂದು ಊರನ್ನೇ ಪಕ್ಕಕ್ಕೆ ಎತ್ತಿಕೊಂಡು ಹೋದರು, ಹೊಸ ಜಾಗಕ್ಕೆ ಕೊಲಂಬಿಯಾ ಎಂದು ಹೆಸರಿಟ್ಟರು. 1839ರಲ್ಲಿ ರಾಜ್ಯದ ಯೂನಿವರ್ಸಿಟಿ ಎಲ್ಲಿ ಆಗಬೇಕೆಂದು ಜಿಲ್ಲೆ ಜಿಲ್ಲೆಗಳ ನಡುವೆ ಪೈಪೋಟಿ ನಡೆಯಿತು. ಯಾರು ಜಾಸ್ತಿ ಹಣ, ಜಮೀನು ಕೊಡುತ್ತಾರೋ ಅವರಿಗೆ. ಕೊಲಂಬಿಯಾ ಇರುವ ಬೂನ್ ಕೌಂಟಿಯ ಜನ ಒಂದು ಲಕ್ಷ ಡಾಲರಿಗೂ ಮಿಕ್ಕಿ ವಾಗ್ದಾನ ಮಾಡಿ ಗೆದ್ದರು. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಅಮೆರಿಕದ ಮೊದಲ ಸರ್ಕಾರಿ ಯೂನಿವರ್ಸಿಟಿ ಅದು. ಕ್ಯಾಂಪಸ್ಸಿನ ನಡುವೆ ಹುಲ್ಲಿನ ಮೇಲೆ ಆರು ದೊಡ್ಡ ಕಂಬಗಳು ಒಂಟಿಯಾಗಿ ನಿಂತಿವೆ. ಮೇಲೆ ಛಾವಣಿ ಇಲ್ಲ, ಹಿಂದೆ ಗೋಡೆ ಇಲ್ಲ. 1892ರ ಜನವರಿಯಲ್ಲಿ ಮುಖ್ಯ ಕಟ್ಟಡ ಸುಟ್ಟುಹೋದಾಗ ಉಳಿದದ್ದು ಅವಿಷ್ಟೇ. ಮಗಳು ಅಲ್ಲಿಂದ ಕಳಿಸುವ ಮೊದಲ ಫೋಟೊ ಆ ಕಂಬಗಳ ಮುಂದೆಯೇ ತೆಗೆದದ್ದಾಗಿರುತ್ತದೆ, ನೋಡುತ್ತಿರಿ.

ಇನ್ನು ಪತ್ರಿಕೋದ್ಯಮ. ನಿಮ್ಮ ಪ್ರಶ್ನೆಯಲ್ಲಿ ಗೊಂದಲ ದುಪ್ಪಟ್ಟಾಗಿರುವುದು ಇದರಿಂದಲೇ. ಯಾಕೆಂದರೆ ‘ಕೊಲಂಬಿಯಾದ ಪತ್ರಿಕೋದ್ಯಮ ಶಾಲೆ’ ಎಂಬ ಮಾತು ಎರಡು ಕಡೆಗೂ ಸಲ್ಲುತ್ತದೆ, ಎರಡಕ್ಕೂ ಒಳ್ಳೆಯ ಹೆಸರಿದೆ.

ಮಿಸೌರಿಯದ್ದು ಮೊದಲನೆಯದು. 1908ರ ಸೆಪ್ಟೆಂಬರ್ 14ರಂದು ಬಾಗಿಲು ತೆರೆಯಿತು. ಪತ್ರಿಕೋದ್ಯಮಕ್ಕೇ ಒಂದು ಪ್ರತ್ಯೇಕ ಶಾಲೆ ಅಂತ ಜಗತ್ತಿನಲ್ಲಿ ಶುರುವಾದ ಮೊದಲನೆಯದೆಂದು ಅದನ್ನು ಹೇಳುತ್ತಾರೆ. ಕಟ್ಟಿದವರು ವಾಲ್ಟರ್ ವಿಲಿಯಮ್ಸ್, ಒಬ್ಬ ಪತ್ರಿಕಾ ಸಂಪಾದಕ. ಅವರೇ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆಮೇಲೆ ಇಡೀ ಯೂನಿವರ್ಸಿಟಿಯ ಅಧ್ಯಕ್ಷರಾದರು. ಶಾಲೆ ಶುರುವಾದ ದಿನವೇ ‘ಮಿಸೌರಿಯನ್’ ಪತ್ರಿಕೆಯೂ ಹೊರಬಂತು. ಇವತ್ತಿಗೂ ‘ಕೊಲಂಬಿಯಾ ಮಿಸೌರಿಯನ್’ ಎಂಬ ಹೆಸರಿನಲ್ಲಿ ಅದು ನಡೆಯುತ್ತಿದೆ. ಇದು ಕಾಲೇಜು ಸಂಚಿಕೆ ಅಲ್ಲ. ಊರಿನ ಜನ ಓದುವ ಪತ್ರಿಕೆ. ವರದಿ ಮಾಡುವವರು ವಿದ್ಯಾರ್ಥಿಗಳು, ತಿದ್ದುವವರು ಅನುಭವಿ ಸಂಪಾದಕರು. ನಗರಸಭೆ, ಕೋರ್ಟು, ಪೊಲೀಸ್, ಶಾಲಾ ಮಂಡಳಿ, ಎಲ್ಲದಕ್ಕೂ ಇವರೇ ಹೋಗುತ್ತಾರೆ. ತಪ್ಪು ಅಚ್ಚಾದರೆ ಊರಿನವರು ಫೋನ್ ಮಾಡಿ ದಬಾಯಿಸುತ್ತಾರೆ. ಕೆಒಎಂಯು ಎಂಬ ಟಿವಿ ಕೇಂದ್ರವೂ ಯೂನಿವರ್ಸಿಟಿಯದ್ದೇ. ಎನ್‌ಬಿಸಿ ಎಂಬ ದೇಶವ್ಯಾಪಿ ಟಿವಿ ಜಾಲದ ಸ್ಥಳೀಯ ಕೇಂದ್ರ ಅದು, ಜಾಹೀರಾತು ಹಾಕಿಕೊಂಡು ಬೇರೆ ಚಾನೆಲ್ಲುಗಳ ಜೊತೆ ಪೈಪೋಟಿ ಮಾಡುತ್ತದೆ. ಅಲ್ಲೂ ವಿದ್ಯಾರ್ಥಿಗಳು ವರದಿ ಮಾಡುತ್ತಾರೆ. ಮಾಡಿ ಕಲಿಯುವ ಈ ಕ್ರಮಕ್ಕೆ ‘ಮಿಸೌರಿ ಮೆಥಡ್’ ಎಂದೇ ಹೆಸರು. ಅಮೆರಿಕದ ತನಿಖಾ ಪತ್ರಕರ್ತರ ಸಂಘ ಐಆರ್‌ಇಯ ಕಚೇರಿಯೂ ಈ ಶಾಲೆಯಲ್ಲೇ ಇದೆ.

ನ್ಯೂಯಾರ್ಕಿನ ಶಾಲೆ ಶುರುವಾದದ್ದು ನಾಲ್ಕು ವರ್ಷ ತಡವಾಗಿ, 1912ರಲ್ಲಿ. ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ಹಣದಲ್ಲಿ. ಪುಲಿಟ್ಜರ್ ಪ್ರಶಸ್ತಿಯನ್ನು 1917ರಿಂದ ಕೊಡುತ್ತಾ ಬಂದಿರುವುದು ಕೊಲಂಬಿಯಾ ಯೂನಿವರ್ಸಿಟಿಯೇ. ಇಲ್ಲೊಂದು ಸ್ವಾರಸ್ಯ ಕೇಳಿ. ಈ ಪುಲಿಟ್ಜರ್ ಪತ್ರಕರ್ತರಾಗಿ ಬೆಳೆದದ್ದು ನ್ಯೂಯಾರ್ಕಿನಲ್ಲಲ್ಲ. ಹಂಗೇರಿಯಿಂದ ವಲಸೆ ಬಂದ ಅವರು ಕಸುಬು ಕಲಿತದ್ದು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ, 1878ರಲ್ಲಿ ‘ಪೋಸ್ಟ್-ಡಿಸ್ಪ್ಯಾಚ್’ ಕಟ್ಟಿದ್ದೂ ಅಲ್ಲೇ. ನಿಮ್ಮ ಮಗಳು ಬಹುಶಃ ವಿಮಾನ ಇಳಿಯುವ ಊರು ಅದೇ.

ಎರಡರಲ್ಲಿ ಯಾವುದು ಮೇಲು ಎಂದು ಭಾವ ಕೇಳಬಹುದು. ನನ್ನ ಅಭಿಪ್ರಾಯ ಹೇಳುತ್ತೇನೆ. ನ್ಯೂಯಾರ್ಕಿನದ್ದಕ್ಕೆ ಹೆಸರಿನ ತೂಕ ಜಾಸ್ತಿ, ಸುತ್ತ ದೊಡ್ಡ ದೊಡ್ಡ ಸುದ್ದಿಮನೆಗಳಿವೆ. ಅಲ್ಲಿನ ಮಾಸ್ಟರ್ಸ್ ಕೋರ್ಸು ಸುಮಾರು ಒಂದು ವರ್ಷದ ಓಟ. ಖರ್ಚು ಮಾತ್ರ ಎದೆ ನಡುಗಿಸುವಂಥದ್ದು, ಮ್ಯಾನ್‌ಹಟನ್ನಿನ ಬಾಡಿಗೆ ಬೇರೆ. ಮಿಸೌರಿಯಲ್ಲಿ ಎಂ.ಎ. ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ. ಸಣ್ಣ ಊರು, ಬಾಡಿಗೆ ಕಡಿಮೆ, ಮೊದಲ ಸೆಮಿಸ್ಟರಿನಿಂದಲೇ ಬೀದಿಗಿಳಿದು ವರದಿ ಮಾಡುವ ಅವಕಾಶ. ಒಂದು ಪತ್ರಿಕೆಯಲ್ಲಿ ದುಡಿದು, ಇನ್ನೂ ಕೈ ಪಳಗಬೇಕು ಅನ್ನುವ ಹುಡುಗಿಗೆ, ಅದರಲ್ಲೂ ಸಾಲ ಮಾಡಿ ಹೋಗುವವಳಿಗೆ, ನಾನಾದರೆ ಮಿಸೌರಿಯನ್ನೇ ಹೇಳುತ್ತಿದ್ದೆ. ಕೆಲವರಿಗೆ ಅಸಿಸ್ಟೆಂಟ್‌ಶಿಪ್, ಅಂದರೆ ಯೂನಿವರ್ಸಿಟಿಯಲ್ಲೇ ಅರೆಕಾಲಿಕ ಸಹಾಯಕರ ಕೆಲಸ, ಸಿಕ್ಕಿ ಫೀಸಿನ ಭಾರ ಇಳಿಯುತ್ತದೆ. ಸೀಟಿನ ಪತ್ರದಲ್ಲಿ ಅದರ ಮಾತಿದೆಯೇ ನೋಡಿ. ಇಲ್ಲದಿದ್ದರೆ ಮಗಳು ವಿಭಾಗಕ್ಕೆ ಒಂದು ಮೇಲ್ ಬರೆದು ಕೇಳಲಿ. ಕೇಳಿದರೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ.

ಇನ್ನೊಂದು ಕೊಲಂಬಿಯಾದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಬೆರೆಯುವುದು ಇದೇ ಜಾಸ್ತಿ. ಸೌತ್ ಕ್ಯಾರೊಲಿನಾದ ರಾಜಧಾನಿ. ಚೌಕಾಕಾರವಾಗಿ ನಕ್ಷೆ ಹಾಕಿ ಕಟ್ಟಿದ ಊರು. 1865ರ ಫೆಬ್ರುವರಿಯಲ್ಲಿ, ಅಂತರ್ಯುದ್ಧದ ಕೊನೆಗೆ, ಜನರಲ್ ಶರ್ಮನ್‌ನ ಸೈನ್ಯ ಬಂದಾಗ ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ರಾಜ್ಯದ ವಿಧಾನಸಭೆಯ ಗೋಡೆಗೆ ಫಿರಂಗಿ ಗುಂಡು ಬಡಿದ ಕಡೆ ಕಂಚಿನ ನಕ್ಷತ್ರ ಕೂರಿಸಿದ್ದಾರೆ. ಅಲ್ಲಿನ ಯೂನಿವರ್ಸಿಟಿ ಆಫ್ ಸೌತ್ ಕ್ಯಾರೊಲಿನಾ 1801ರದ್ದು, ಅಂತರರಾಷ್ಟ್ರೀಯ ವ್ಯಾಪಾರದ ಕೋರ್ಸಿಗೆ ಹೆಸರು ಮಾಡಿದೆ. ಇದಕ್ಕೆ ಇನ್ನೊಂದು ಫಜೀತಿ: ಚುಟುಕಾಗಿ ‘ಯುಎಸ್‌ಸಿ’ ಅನ್ನುತ್ತಾರೆ. ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ಕೂಡ ಯುಎಸ್‌ಸಿಯೇ. ಹಾಗಾಗಿ ‘ಯುಎಸ್‌ಸಿ ಕೊಲಂಬಿಯಾ’ ಎಂದು ಬರೆದಿದ್ದರೆ ಅದರಲ್ಲಿ ಕ್ಯಾಲಿಫೋರ್ನಿಯಾವೂ ಇಲ್ಲ, ನ್ಯೂಯಾರ್ಕೂ ಇಲ್ಲ. ಮಿಸೌರಿ ಮತ್ತು ಸೌತ್ ಕ್ಯಾರೊಲಿನಾ ತಂಡಗಳು ಒಂದೇ ಕ್ರೀಡಾ ಒಕ್ಕೂಟದಲ್ಲಿವೆ. ಅವುಗಳ ಫುಟ್‌ಬಾಲ್ ಪಂದ್ಯ ಅಂದರೆ ಕೊಲಂಬಿಯಾ ವಿರುದ್ಧ ಕೊಲಂಬಿಯಾ. ಗೆದ್ದವರಿಗೆ ಸಿಗುವ ಕಪ್ಪಿನ ಹೆಸರು ಮೇಯರ್ಸ್ ಕಪ್, ಎರಡೂ ಊರಿನ ಮೇಯರುಗಳ ಹೆಸರಿನಲ್ಲಿ.

ಮೇರಿಲ್ಯಾಂಡಿನ ಕೊಲಂಬಿಯಾ 1967ರಲ್ಲಿ ಜೇಮ್ಸ್ ರೌಸ್ ಎಂಬ ಬಿಲ್ಡರ್ ಯೋಜನೆ ಹಾಕಿ ಕಟ್ಟಿದ ಊರು. ಬಾಲ್ಟಿಮೋರಿಗೂ ವಾಷಿಂಗ್ಟನ್ನಿಗೂ ನಡುವೆ ಇದೆ. ಅದಿರುವುದು ಹೋವರ್ಡ್ ಕೌಂಟಿಯಲ್ಲಿ, ಆದರೆ ಹೋವರ್ಡ್ ಯೂನಿವರ್ಸಿಟಿ ಇರುವುದು ವಾಷಿಂಗ್ಟನ್ನಿನಲ್ಲಿ. ಕೆನಡಾದ ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾ ವ್ಯಾಂಕೂವರಿನದ್ದು. ಅಲ್ಲಿ ಬ್ರಿಟಿಷ್ ಕೊಲಂಬಿಯಾ ಅಂದರೆ ರಾಜ್ಯದ ಹೆಸರು. ದಕ್ಷಿಣ ಅಮೆರಿಕದ ದೇಶವನ್ನೂ ಕನ್ನಡದಲ್ಲಿ ಹೀಗೇ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಒಂದು ಅಕ್ಷರ ಬೇರೆ. ವೀಸಾ ಅಥವಾ ಕೊರಿಯರ್ ಫಾರಂ ತುಂಬುವಾಗ ಆ ದೇಶದ ಹೆಸರು ಪಟ್ಟಿಯಲ್ಲಿ ಕಂಡಿತೆಂದು ಒತ್ತಿಬಿಡಬೇಡಿ.

ಈ ಗೊಂದಲ ಬೇಡವೆಂದು ಅಮೆರಿಕದವರೂ ಒಮ್ಮೆ ತಲೆ ಓಡಿಸಿದ್ದಾರೆ. 1853ರಲ್ಲಿ ದೇಶದ ವಾಯುವ್ಯ ಮೂಲೆಯ ಕೊಲಂಬಿಯಾ ನದಿಯ ಉತ್ತರದ ಜನ ತಮ್ಮ ಹೊಸ ಪ್ರಾಂತ್ಯಕ್ಕೆ ಕೊಲಂಬಿಯಾ ಎಂದು ಹೆಸರಿಡಿ ಅಂದರು. ‘ಬೇಡ, ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಜೊತೆ ಗೊಂದಲ ಆಗುತ್ತದೆ’ ಎಂದ ಸಂಸತ್ತು ಅದಕ್ಕೆ ಇಟ್ಟ ಹೆಸರು... ವಾಷಿಂಗ್ಟನ್! ಅದರ ಫಲ ಇವತ್ತಿಗೂ ಅನುಭವಿಸುತ್ತಿದ್ದೇವೆ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸಿಯಾಟಲ್‌ನಲ್ಲಿದೆ. ಜಾರ್ಜ್ ವಾಷಿಂಗ್ಟನ್ ಯೂನಿವರ್ಸಿಟಿ ರಾಜಧಾನಿಯಲ್ಲಿದೆ, 1821ರಲ್ಲಿ ಅದು ಹುಟ್ಟಿದ್ದು ಕೊಲಂಬಿಯನ್ ಕಾಲೇಜ್ ಎಂಬ ಹೆಸರಿನಲ್ಲಿ. ಇನ್ನು ವಾಷಿಂಗ್ಟನ್ ಯೂನಿವರ್ಸಿಟಿ ಇರುವುದು ನಿಮ್ಮ ಮಗಳ ಮಿಸೌರಿಯ ಸೇಂಟ್ ಲೂಯಿಸ್‌ನಲ್ಲೇ. ಜನಕ್ಕೆ ಹೇಳಿ ಹೇಳಿ ಸಾಕಾಗಿ 1976ರಲ್ಲಿ ಅವರು ಹೆಸರಿನ ಕೊನೆಗೇ ‘ಇನ್ ಸೇಂಟ್ ಲೂಯಿಸ್’ ಎಂದು ಸೇರಿಸಿಕೊಂಡರು.

ಈಗ ಸಾಲಕ್ಕೆ ಸಹಿ ಹಾಕುವ ಮುಂಚೆ ಏನು ನೋಡಬೇಕು ಅನ್ನುವುದು. ಕನ್ಸಲ್ಟೆನ್ಸಿಯವರ ಬಾಯಿಮಾತು ಬಿಡಿ, ಕಾಗದ ನೋಡಿ. ಮುಖ್ಯವಾದದ್ದು ಐ-20 ಎಂಬ ಫಾರಂ. ವೀಸಾಕ್ಕೆ ಇದು ಬೇಕೇ ಬೇಕು, ಇದನ್ನು ಯೂನಿವರ್ಸಿಟಿಯೇ ಕೊಡುತ್ತದೆ. ಅದರಲ್ಲಿ ಸಂಸ್ಥೆಯ ಹೆಸರು, ವಿಳಾಸ, ಕೋರ್ಸು, ಶುರುವಾಗುವ ತಾರೀಖು, ವರ್ಷದ ಅಂದಾಜು ಖರ್ಚು ಎಲ್ಲ ಇರುತ್ತದೆ. ಸಂಸ್ಥೆಯ ಹೆಸರಿನ ಜಾಗದಲ್ಲಿ ಮಿಸೌರಿ ಎಂದಿರಬೇಕು. ವಿಳಾಸದಲ್ಲಿ ಊರಿನ ಪಕ್ಕದ ಎರಡಕ್ಷರ ನೋಡಿ, ಅದು ರಾಜ್ಯ. ಮಿಸೌರಿಗೆ ‘ಎಂಒ’. ‘ಎಂಐ’ ಅಂದರೆ ಮಿಶಿಗನ್, ‘ಎಂಎಸ್’ ಅಂದರೆ ಮಿಸಿಸಿಪಿ. ಇದರಲ್ಲಿ ಎಡವುವವರು ಬಹಳ ಜನ. ಪಿನ್ ಕೋಡಿನ ಥರ ಅಲ್ಲಿ ಐದಂಕಿಯ ಜಿಪ್ ಕೋಡ್ ಇರುತ್ತದೆ. ಮಿಸೌರಿಯ ಕೊಲಂಬಿಯಾದ್ದು 652ರಿಂದ ಶುರುವಾಗುತ್ತದೆ, ಸೌತ್ ಕ್ಯಾರೊಲಿನಾದ್ದು 292ರಿಂದ. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯದ್ದು 10027.

ಮೇಲ್ ಬಂದ ವಿಳಾಸವನ್ನೂ ನೋಡಿ. ‘ಅಟ್’ ಚಿಹ್ನೆಯ ಆಚೆ ಕೊನೆಗೆ ‘ಮಿಸೌರಿ ಡಾಟ್ ಇಡಿಯು’ ಎಂದಿದ್ದರೆ ಅದು ಈ ಯೂನಿವರ್ಸಿಟಿಯ ವಿಳಾಸ. ‘ಕೊಲಂಬಿಯಾ ಡಾಟ್ ಇಡಿಯು’ ನ್ಯೂಯಾರ್ಕಿನದ್ದು. ಸೌತ್ ಕ್ಯಾರೊಲಿನಾದವರದ್ದು ಬರೀ ‘ಎಸ್‌ಸಿ ಡಾಟ್ ಇಡಿಯು’. ಸೀಟಿನ ವಿಷಯ ಜಿಮೇಲ್‌ನಿಂದಲೋ ಕನ್ಸಲ್ಟೆನ್ಸಿಯ ಐಡಿಯಿಂದಲೋ ಮಾತ್ರ ಬಂದಿದ್ದರೆ ಸುಮ್ನೆ ನಂಬಬೇಡಿ. ಮಗಳು ತಾನೇ ಯೂನಿವರ್ಸಿಟಿಯ ಅರ್ಜಿ ಪೋರ್ಟಲ್ಲಿಗೆ ಲಾಗಿನ್ ಆಗಿ ನೋಡಲಿ. ಪಾಸ್‌ವರ್ಡ್ ಕನ್ಸಲ್ಟೆನ್ಸಿಯವರ ಹತ್ತಿರ ಇದ್ದರೆ ಇವತ್ತೇ ತೆಗೆದುಕೊಂಡು ಬದಲಾಯಿಸಲಿ.

ಬ್ಯಾಂಕಿನಲ್ಲೂ ಒಂದು ಕಡೆ ಎಚ್ಚರ ಬೇಕು. ಕೆಲವು ಬ್ಯಾಂಕುಗಳಲ್ಲಿ ವಿದೇಶಿ ಯೂನಿವರ್ಸಿಟಿಗಳ ಪಟ್ಟಿ ಇರುತ್ತದೆ. ಊರಿನ ಹೆಸರು ನೋಡಿ ಗುಮಾಸ್ತರು ‘ಕೊಲಂಬಿಯಾ ಯೂನಿವರ್ಸಿಟಿ’ ಎಂದು ಒತ್ತಿದರೆ ಮಂಜೂರಾತಿ ಪತ್ರದಲ್ಲಿ ಒಂದು ಹೆಸರು, ಐ-20ಯಲ್ಲಿ ಇನ್ನೊಂದು ಹೆಸರು ಆಗುತ್ತದೆ. ವೀಸಾ ಸಂದರ್ಶನದ ಹೊತ್ತಿಗೆ ಅದು ತಲೆನೋವು. ಪತ್ರ ಕೈಗೆ ಬಂದ ತಕ್ಷಣ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಫೀಸು ಕಳಿಸುವಾಗ ಹಣ ಪಡೆಯುವವರ ಹೆಸರು ‘ದ ಕ್ಯುರೇಟರ್ಸ್ ಆಫ್ ದ ಯೂನಿವರ್ಸಿಟಿ ಆಫ್ ಮಿಸೌರಿ’ ಎಂದು ಕಂಡರೆ ಗಾಬರಿ ಬೇಡ. ಕಾನೂನಿನಲ್ಲಿ ಆ ಯೂನಿವರ್ಸಿಟಿಯ ಹೆಸರೇ ಅದು. ಆದರೆ ಖಾತೆಯ ವಿವರವನ್ನು ಪೋರ್ಟಲ್ಲಿನಿಂದಲೇ ತೆಗೆದುಕೊಳ್ಳಿ, ವಾಟ್ಸಾಪಿನಲ್ಲಿ ಬಂದದ್ದನ್ನಲ್ಲ. ಕನ್ಸಲ್ಟೆನ್ಸಿಯ ಖಾತೆಗೆ ಫೀಸು ಹಾಕಿ ಎಂದರೆ ಹಾಕಲೇಬೇಡಿ.

ಸಂದರ್ಶನದಲ್ಲಿ ಯಾಕೆ ಈ ಯೂನಿವರ್ಸಿಟಿ ಎಂದು ಕೇಳುತ್ತಾರೆ. ಮಗಳು ‘ಮಿಸೌರಿ’ ಎಂದೇ ಹೇಳಲಿ. ಕೊಲಂಬಿಯಾ ಯೂನಿವರ್ಸಿಟಿ ಎಂದು ಬಾಯಿತಪ್ಪಿದರೆ, ಎಲ್ಲಿಗೆ ಹೋಗುತ್ತಿದ್ದೇನೆಂದೇ ಗೊತ್ತಿಲ್ಲದವಳ ಥರ ಕಾಣುತ್ತದೆ. ಮಿಸೌರಿಯನ್ ಪತ್ರಿಕೆಯ ಬಗ್ಗೆ, ಅಲ್ಲಿ ತಾನು ಏನು ಕಲಿಯಬೇಕೆಂದಿದ್ದಾಳೆ ಎಂಬ ಬಗ್ಗೆ ನಾಲ್ಕು ಮಾತು ಅವಳದ್ದೇ ಆಗಿರಲಿ. ಕನ್ಸಲ್ಟೆನ್ಸಿಯವರು ಬರೆದುಕೊಟ್ಟದ್ದನ್ನು ಉರು ಹೊಡೆಯುವುದು ಬೇಡ.

ಟಿಕೆಟ್ ಮಾಡಿಸುವಾಗ ವೆಬ್‌ಸೈಟು ಊರಿನ ಹೆಸರು ಕೇಳುತ್ತದೆ. ಬರೀ ಕೊಲಂಬಿಯಾ ಎಂದು ಹೊಡೆದರೆ ಎರಡು ವಿಮಾನ ನಿಲ್ದಾಣ ಬರುತ್ತವೆ: ಮಿಸೌರಿಯದ್ದು ‘ಸಿಒಯು’, ಸೌತ್ ಕ್ಯಾರೊಲಿನಾದ್ದು ‘ಸಿಎಇ’. ಮಿಸೌರಿಯದ್ದು ಸಣ್ಣ ನಿಲ್ದಾಣ, ವಿಮಾನಗಳು ಕಡಿಮೆ. ಹೆಚ್ಚಿನವರು ಸೇಂಟ್ ಲೂಯಿಸ್‌ಗೋ ಕಾನ್ಸಾಸ್ ಸಿಟಿಗೋ ಇಳಿಯುತ್ತಾರೆ. ಕೊಲಂಬಿಯಾ ಎರಡಕ್ಕೂ ಹೆಚ್ಚುಕಡಿಮೆ ನಡುವೆ ಇದೆ, ಯಾವ ಕಡೆಯಿಂದ ಹೋದರೂ ಸುಮಾರು 200 ಕಿಲೋಮೀಟರ್. ಹೆದ್ದಾರಿಯಲ್ಲಿ ಎರಡು ಗಂಟೆ ಚಿಲ್ಲರೆ. ಶಟಲ್ ವ್ಯಾನುಗಳಿವೆ, ಮುಂಚೆಯೇ ಸೀಟು ಕಾದಿರಿಸಬೇಕು. ರಾತ್ರಿ ಇಳಿಯುವ ಟಿಕೆಟ್ ಮಾತ್ರ ಬೇಡ. ಕ್ಲಾಸು ಆಗಸ್ಟ್ ಕೊನೆಗೆ ಶುರುವಾಗುತ್ತದೆ, ಆಗ ಅಲ್ಲಿ ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಂಥ ಸೆಕೆ ಇರುತ್ತದೆ. ಹಾಗೆಂದು ಸ್ವೆಟರ್ ಬಿಟ್ಟುಹೋಗದಿರಲಿ. ಡಿಸೆಂಬರಿಗೆ ಹಿಮ ಬೀಳುತ್ತದೆ. ದಪ್ಪ ಜಾಕೆಟ್ಟನ್ನು ಇಲ್ಲಿಂದ ಹೊತ್ತುಕೊಂಡು ಹೋಗೋದಕ್ಕಿಂತ ಅಲ್ಲೇ ಕೊಳ್ಳುವುದು ಒಳ್ಳೆಯದು.